ಹಗೇವಿನ ದನಿ

ನಮ್ಮೂರಿನಲ್ಲಿ ಯಾರಾದರೂ ನಿಂತುಕೊಂಡು ಬಾಯಿ ಆಡಿಸುತ್ತಿದ್ದರೆ ಅವರು ಪರಸ್ಥಳದವರು ಎಂದು ತಿಳಿಯಬೇಕು. ನಾವು ಕೂತು ಮಾತಾಡುವವರು. ಮಾತು ನಮ್ಮಲ್ಲಿ ಒಲೆಯ ಹೊಗೆಯ ಹಾಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಸಮನಾಗಿ ಕೂತರೆ ಅಡ್ಡಕ್ಕೂ ಹೋಗುತ್ತದೆ, ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುವುದಿಲ್ಲ. ಮರದ ಮೇಲಿನ ಕಾಗೆ ಬಾಯಿ ತೆರೆಯುವುದನ್ನು, ಮುಚ್ಚುವುದನ್ನು ನೋಡುತ್ತೇವೆ. ಅದು ಕೂಗುತ್ತಿತ್ತೆಂದು ಗೊತ್ತಾಗುವುದು ನೆಲಕ್ಕೆ ಇಳಿದ ಮೇಲೆಯೇ. ಒಮ್ಮೆ ಉಪ್ಪು ಮಾರಲು ಬಂದವನೊಬ್ಬ, ತನ್ನ ಊರಿನಲ್ಲಿ ಮಿಂಚು ಹೊಡೆದ ಮೇಲೆ ಆಕಾಶದಿಂದ ದೊಡ್ಡ ಸದ್ದು ಬರುತ್ತದೆ ಎಂದ. ಅವನ ಉಪ್ಪು ಚೆನ್ನಾಗಿತ್ತು, ಅದಕ್ಕೆ ನಾವು ಮುಖದ ಮುಂದೆ ನಗಲಿಲ್ಲ. ದೇವರ ವಿಷಯದಲ್ಲೂ ನಮಗೆ ಗೊಂದಲವಿಲ್ಲ. ದೇವರು ಮೇಲಿದ್ದಾನೆ, ನಾವು ಹೇಳಿದ್ದೆಲ್ಲ ಅವನಿಗೆ ಕೇಳುತ್ತದೆ, ಅವನು ಹೇಳಿದ್ದು ನಮಗೆ ಕೇಳುವುದಿಲ್ಲ. ಪಾಪ, ಇದರಲ್ಲಿ ಅವನ ತಪ್ಪೇನಿದೆ?

ಇದರಿಂದ ಕಷ್ಟವಿತ್ತು ಎಂದು ತಿಳಿಯಬೇಡಿ. ಇಬ್ಬರು ಜಗಳಕ್ಕೆ ಬಿದ್ದರೆ ಮೊದಲು ಕೂರುತ್ತಿದ್ದರು, ಆಮೇಲೆ ಮೊಣಕೈ ಊರುತ್ತಿದ್ದರು, ಕೊನೆಗೆ ಇಬ್ಬರೂ ಬೋರಲು ಮಲಗಿ ಗಲ್ಲವನ್ನು ನೆಲಕ್ಕೆ ಹಚ್ಚಿ ಬೈದಾಡುತ್ತಿದ್ದರು. ಅಷ್ಟು ಹೊತ್ತಿಗೆ ಮಣ್ಣಿನ ತಂಪಿಗೆ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಎತ್ತರದ ಹುಡುಗಿಯರಿಗೆ ಗಂಡು ಬೇಗ ಸಿಗುತ್ತಿತ್ತು. ಎತ್ತರದ ಸೊಸೆ ಎದುರು ಮಾತಾಡಿದರೂ ಕೂತ ಅತ್ತೆಗೆ ಕೇಳಿಸುವುದಿಲ್ಲವಲ್ಲ!

ಈ ಕಥೆ ಅಂಥ ಎತ್ತರದ ಹೆಂಗಸೊಬ್ಬಳದು. ಬಿಜ್ಜವ್ವ ಎಂದು ಹೆಸರು. ಅವಳ ಮನೆತನದವರು ತಲೆತಲಾಂತರದಿಂದ ಹಗೇವು ತೋಡುವವರು. ಹಗೇವು ಅಂದರೆ ನೆಲದೊಳಗಿನ ಕಣಜ: ಗಡಿಗೆಯ ಆಕಾರದಲ್ಲಿ ಕುಳಿ ತೋಡಿ, ಒಳಗೆ ಹುಲ್ಲು ಉರಿಸಿ ಗೋಡೆ ಸುಟ್ಟು, ಸಗಣಿ ಸಾರಿಸಿ, ಕಾಳು ತುಂಬಿ ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ಬಿಜ್ಜವ್ವನ ಗಂಡ ಊರಿನ ಗೋಡೆ ಕಟ್ಟಲು ಹೋದವನು, ಗೋಡೆ ಮುಗಿಯುವ ಹೊತ್ತಿಗೆ ಅದರ ಆಚೆ ಕಡೆ ಉಳಿದುಬಿಟ್ಟಿದ್ದ. ಬೇಕೆಂದೇ ಉಳಿದ ಎಂದು ಹೇಳುವವರೂ ಇದ್ದಾರೆ. ಅವಳಿಗೆ ಉಳಿದಿದ್ದು ಮಾಳಿ ಎಂಬ ಮಗಳು, ಹಾಲುಹಲ್ಲು ಬೀಳುವ ವಯಸ್ಸಿನವಳು, ಮತ್ತು ಎರೆಯಪ್ಪ ಎಂಬ ತಮ್ಮ. ತಮ್ಮ ನಮ್ಮೆಲ್ಲರ ದೊರೆಯಾಗಿದ್ದ. ಅವನು ದೊರೆಯಾದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ವರ್ಷ ಹೊಳೆಯ ಎರಡೂ ದಂಡೆಯಲ್ಲಿ ಎಂದೂ ಕಾಣದಷ್ಟು ಬೆಳೆ ಬಂತು. ಮನೆಮನೆಯ ಹಗೇವು ತುಂಬಿ ಉಕ್ಕಿದವು. ಮಿಕ್ಕಿದ್ದಕ್ಕೆಂದು ಅಕ್ಕ ತಮ್ಮ ಸೇರಿ ಊರ ನಡುವೆ ಒಂದು ದೊಡ್ಡ ಹಗೇವು ತೋಡಿದರು. ಬೇಸಿಗೆಯಲ್ಲಿ ಅದರ ಬಾಯಿ ತೆಗೆದಾಗ, ಕಾಳು ಎತ್ತಿ ಕೊಡಲು ಎರೆಯಪ್ಪ ಒಳಗೆ ಇಳಿದ. ಮೇಲೆ ನೂಕುನುಗ್ಗಲು. ಅವನು ಬೇಸತ್ತು, "ಗದ್ಲ ಮಾಡಬ್ಯಾಡ್ರಿ, ಒಬ್ಬರ ಹಿಂದ ಒಬ್ಬರು ನಿಲ್ರಿ" ಎಂದ. ಆ ಮಾತು ಬಾಯಿ ಹತ್ತಿರ ನಿಂತವರಿಗೆ ಮಾತ್ರವಲ್ಲ, ಇಡೀ ಊರಿಗೆ, ಆಚೆ ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವರಿಗೂ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೇಳಿಸಿತು. ಜನ ಸಾಲಾಗಿ ನಿಂತರು. ಆಚೆ ದಂಡೆಯವರೂ ಎಮ್ಮೆ ಬಿಟ್ಟು ಅಲ್ಲೇ ಸಾಲಾಗಿ ನಿಂತರಂತೆ. ನಮ್ಮೂರಿನಲ್ಲಿ ಅದಕ್ಕೆ ಮುಂಚೆ ಸಾಲು ಎಂಬುದು ಇರುವೆಗಳಲ್ಲಿ ಮಾತ್ರ ಇತ್ತು.

ಮರುದಿನ ಹಿರಿಯರು ಬಂದು, "ಎರೆಯಪ್ಪಾ, ಕಾಲುವಿ ಒಡದೈತಿ, ಒಂದಿಷ್ಟು ಇಳಿದು ಎಲ್ಲಾರಿಗೂ ಬರಾಕ ಹೇಳಪ್ಪ" ಎಂದರು. ಅವನು ಇಳಿದು ಹೇಳಿದ. ಎಲ್ಲರೂ ಬಂದರು, ಕಾಲುವೆ ಅರ್ಧ ದಿನದಲ್ಲಿ ಸರಿಹೋಯಿತು. ಹೇಳುವವನು ಒಬ್ಬನಿದ್ದರೆ ಎಷ್ಟು ಅನುಕೂಲ ಎಂದು ನಮಗೆ ಆಗ ಹೊಳೆಯಿತು. ಕೆಳಗಿನ ಹಳ್ಳಿಯವರಿಗೂ ಕೇಳಿಸಲೆಂದು ಹಗೇವನ್ನು ಇನ್ನಷ್ಟು ಆಳ ಮಾಡಿದೆವು. ಅವರು ಬಂದರು, ಕಾಳು ತಂದರು. ಆ ಕಾಳು ಕಾಯಲು ಜನ ಬೇಕಾಯಿತು, ಕಾಯುವವರಿಗೆ ಊಟ ಬೇಕಾಯಿತು, ಊಟಕ್ಕೆ ಇನ್ನೊಂದು ಹಳ್ಳಿ ಬೇಕಾಯಿತು, ಅದಕ್ಕೆ ಕೇಳಿಸಲು ಇನ್ನಷ್ಟು ಆಳ ಬೇಕಾಯಿತು. ತೋಡಿದ ಮಣ್ಣಿನಿಂದ ಇಟ್ಟಿಗೆ ಬಡಿದು ಊರ ಸುತ್ತ ಗೋಡೆ ಕಟ್ಟಿದೆವು. ಆ ಇಟ್ಟಿಗೆ ಬಡಿದವರಲ್ಲಿ ನಾನೂ ಒಬ್ಬ. ಒಳ್ಳೆಯ ಗೋಡೆ, ಅದರ ವಿಷಯದಲ್ಲಿ ನನಗೆ ಈಗಲೂ ಬೇಸರವಿಲ್ಲ. ದನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ನಮ್ಮ ನಾಡು ಎಂದಾಯಿತು. ಗಡಿಯಲ್ಲಿ ಕಿವಿ ಚುರುಕಾದ ಮುದುಕರನ್ನು ಕೂರಿಸಿದ್ದೆವು. ಇನ್ನೂ ಒಂದು ಗುಡ್ಡದಾಚೆ ಕೇಳಿಸಿತು ಎಂದು ಅವರು ಹೇಳಿ ಕಳಿಸಿದರೆ ಗಡಿಯ ಕಲ್ಲನ್ನು ಹೊತ್ತುಕೊಂಡು ಹೋಗಿ ಅಲ್ಲಿ ನೆಡುತ್ತಿದ್ದೆವು.

ಮೊದಮೊದಲು ಎರೆಯಪ್ಪ ಮಧ್ಯಾಹ್ನ ಮೇಲೆ ಬಂದು ತನ್ನ ಅವ್ವನ ಕೈಯ ಊಟ ಮಾಡಿ, ಮಾಳಿಯನ್ನು ಎತ್ತಿ ಆಡಿಸಿ ಮತ್ತೆ ಇಳಿಯುತ್ತಿದ್ದ. ಮಾಳಿಗೆ ಹೆಸರಿಟ್ಟವನೂ ಅವನೇ. ಬರಬರುತ್ತ ಹತ್ತಿ ಇಳಿಯುವುದಕ್ಕೇ ಹೊತ್ತು ಹೋಗತೊಡಗಿತು. ಅಷ್ಟು ಹೊತ್ತು ನಾಡಿನ ಜನ ಗುದ್ದಲಿ ಹಿಡಿದು ಮುಂದೇನು ಎಂದು ತಿಳಿಯದೆ ಸುಮ್ಮನೆ ನಿಂತಿರುತ್ತಿದ್ದರು. ಅದಕ್ಕೆ ಊಟವನ್ನು ಬುಟ್ಟಿಯಲ್ಲಿ ಇಳಿಸುವುದಾಯಿತು, ಹಾಸಿಗೆಯನ್ನೂ ಇಳಿಸಿದ್ದಾಯಿತು. ಅವನು ಮೇಲೆ ಬರುವುದು ನಿಂತುಹೋಯಿತು. ಯಾರೂ ಬೇಡ ಅನ್ನಲಿಲ್ಲ, ಅಂದಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಹಗೇವಿನ ತಳ ಕಿರಿದಾಗಿತ್ತು; ದೊರೆಯ ಸಮಕ್ಕೆ ಇನ್ನೊಬ್ಬರು ಕೂರಬಾರದು ಎಂಬ ಕಟ್ಟಳೆಯೂ ಹುಟ್ಟಿತು. ಬೇರೆ ಯಾರ ದನಿಯೂ ಆಳದಿಂದ ಬರಬಾರದೆಂದು ಮನೆಮನೆಯ ಹಗೇವುಗಳನ್ನು ಮುಚ್ಚಿಸಿದರು. ಎಲ್ಲರ ಕಾಳೂ ಒಂದೇ ಕಡೆ ಸೇರಿತು.

ದೊರೆ ಆಡಿದ್ದೆಲ್ಲ ನಾಡಿಗೆ ಕೇಳುತ್ತಿತ್ತು. ಕೆಮ್ಮಿದರೂ ಕೇಳುತ್ತಿತ್ತು. ಅಷ್ಟು ಆಳದಲ್ಲಿ ಅವನಿಗೆ ಹಗಲು ರಾತ್ರಿಯ ಗುರುತು ತಪ್ಪಿಹೋಗಿತ್ತು. ನಡುಹಗಲು ಅವನು ಗೊರಕೆ ಹೊಡೆದರೆ ನಾವು ಸಂತೆ ಮುಚ್ಚಿ ಮಲಗುತ್ತಿದ್ದೆವು. ನಿದ್ದೆ ಬಾರದವರು ಕಣ್ಣಾದರೂ ಮುಚ್ಚಿಕೊಳ್ಳಬೇಕಿತ್ತು. ಗೋಡೆ ಕಟ್ಟಿದ ವರ್ಷ ಅಕ್ಕ ತಮ್ಮನ ಅವ್ವ ತೀರಿಕೊಂಡಳು. ಊರಿಗೆ ಊರೇ ಅವಳ ಮಣ್ಣಿಗೆ ಹೋಗಿತ್ತು. ಅದಾದ ಕೆಲವು ದಿನಕ್ಕೆ ಅವನು ನಿದ್ದೆಗಣ್ಣಿನಲ್ಲಿ, "ಅವ್ವಾ, ಒಂದೀಟು ಬೆಲ್ಲ ಕೊಡ" ಎಂದ. ವಾರ ಕಳೆಯುವುದರೊಳಗೆ ನಾಲ್ಕೂ ದಿಕ್ಕಿನಿಂದ ಬೆಲ್ಲದ ಬಂಡಿಗಳು ಬಂದು ಗೋಡೆಯ ಹೊರಗೆ ಸಾಲುಗಟ್ಟಿ ನಿಂತವು. ಅವ್ವ ಹೋದಳೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ.

ತಿಳಿಸುವ ದಾರಿ ಇರಲಿಲ್ಲವೆಂದಲ್ಲ. ಬುಟ್ಟಿಯ ಹಗ್ಗ ಹಿಡಿಯುವವರಿಗೆ ಕೇತಪ್ಪ ಎಂಬವನು ಹಿರಿಯ. ಅವನು ಮಣ್ಣಿನ ಗುರುತುಗಳನ್ನು ಮಾಡಿ ಸುಟ್ಟು ಊಟದ ಜೊತೆ ಇಳಿಸುತ್ತಿದ್ದ. ಬೆಳೆ ಬಂದರೆ ತೆನೆ, ದನ ಬಂದರೆ ಕೋಡು, ಹೊಸ ಹಳ್ಳಿ ಸೇರಿದರೆ ಪುಟ್ಟ ಗುಡಿಸಲು, ಕೂಸು ಹುಟ್ಟಿದರೆ ಬೆರಳುದ್ದದ ಕೂಸು, ಮನುಷ್ಯ ಸತ್ತರೆ ತಲೆಕೆಳಗಾದ ಮನುಷ್ಯ. ಅದನ್ನು ತಡವಿ ನೋಡಿ ದೊರೆ ಆಜ್ಞೆ ಕೊಡುತ್ತಿದ್ದ. ಕೇತಪ್ಪ ಕೆಟ್ಟವನಲ್ಲ. ಮುದುಕಿ ಸತ್ತ ದಿನ ತಲೆಕೆಳಗಾದ ಬೊಂಬೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ, "ಕಾಲುವಿ ಅರ್ಧಕ್ಕ ಐತಿ. ಈಗ ಅತ್ಕೋತ ಕುಂತ್ರ ನಾಡೆಲ್ಲಾ ಅಳ್ತದ. ಮುಗೀಲಿ, ತಿಳಿಸೋಣಂತ" ಎಂದು ಬೊಂಬೆಯನ್ನು ಬದಿಗಿಟ್ಟ. ಕಾಲುವೆ ಮುಗಿಯಿತು, ಇನ್ನೊಂದು ಶುರುವಾಯಿತು. ತಿಳಿಸುವುದು ಹಾಗೆಯೇ ಉಳಿಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ದನಿ ಬಂತು. ನಾನು ಇಟ್ಟಿಗೆಯ ಅಚ್ಚು ತೊಳೆಯುತ್ತಿದ್ದೆ. "ನಮ್ಮಕ್ಕನ ಮಗಳು ಮಾಳೀನ ನನ್ನ ಹತ್ರ ಕಳಿಸ್ರಿ. ಬಗಲಾಗ ಇನ್ನೊಂದು ಕುಳಿ ತೋಡ್ರಿ. ಹುಣ್ಣಿವಿಗೆ ಆಕಿ ಇಲ್ಲಿ ಇರಬೇಕು. ಇನ್ನ ಮ್ಯಾಲ ಇಲ್ಲೇ ಇರ್ತಾಳ" ಎಂದಿತು ದನಿ. ಅಷ್ಟೇ.

ಊರಿಗೆ ಊರೇ ಬಿಜ್ಜವ್ವನ ಮನೆಯ ಮುಂದೆ ನೆರೆಯಿತು. ದೊರೆಗೆ ಮಕ್ಕಳಿಲ್ಲ, ಅಕ್ಕನ ಮಗಳನ್ನು ಮುಂದಿನ ದೊರೆಯಾಗಿ ತಯಾರು ಮಾಡುತ್ತಾನೆ ಎಂದು ಎಲ್ಲರಿಗೂ ಅರ್ಥವಾಗಿತ್ತು. ಹೆಂಗಸರು ಆರತಿ ತಂದರು. ಬಿಜ್ಜವ್ವ ಹೊಸಿಲ ಮೇಲೆ ಕೂತು ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಆಮೇಲೆ ಅಂಗಳಕ್ಕೆ ಜಾರಿ ಕೂತಳು, ಎಲ್ಲರಿಗೂ ಕೇಳಿಸಲೆಂದು.

"ನಿಮ್ಮ ಆರತಿ ನೀವ ಇಟ್ಕೋರಿ. ಅಷ್ಟು ಆಳದಾಗ ನನ್ನ ಕೂಸು ಅತ್ರ ನನಗ ಕೇಳಸ್ತದ. ದಿನಾ ಕೇಳಸ್ತದ. ನಾ ಇಲ್ಲಿಂದ ಸುಮ್ನಿರ ಬಂಗಾರ ಅಂದ್ರ ಅದಕ್ಕ ಕೇಳಸ್ತದೇನು? ಹೇಳ್ರಿ, ಯಾರರ ಹೇಳ್ರಿ."

ಹೆಂಗಸರು ಆರತಿಯ ದೀಪ ಆರಿಸಿಕೊಂಡು ಮನೆಗೆ ಹೋದರು.

ಅವಳು ಕೇತಪ್ಪನ ಹತ್ತಿರ ಹೋದಳು. ಹಗೇವಿನ ಬಾಯಿಯ ಪಕ್ಕದಲ್ಲಿ ಮಣ್ಣು ಮೆತ್ತುತ್ತ ಕೂತಿದ್ದವನ ಎದುರು ಮೊಣಕಾಲೂರಿ, ಬಾಗಿ, "ಕೇತಣ್ಣಾ, ನಾ ಮಗಳನ್ನ ಕೊಡೂದಿಲ್ಲಂತ ಅವಗ ಕಳಿಸು" ಎಂದಳು.

"ಕಳಿಸ್ತಿದ್ದೆ ತಂಗಿ, ಖರೇನ ಕಳಿಸ್ತಿದ್ದೆ. ಆದ್ರ ಹೆಂಗ ಕಳಿಸ್ಲಿ? ಆಕಳಿಗೆ ರೂಪ ಐತಿ, ಕಾಳಿಗೆ ಐತಿ, ಸಾವಿಗೆ ಸೈತ ಐತಿ. ಒಲ್ಲೆ ಅನ್ನೂದಕ್ಕ ಮಣ್ಣಿನ್ಯಾಗ ರೂಪ ಎಲ್ಲೈತಿ? ಇಷ್ಟು ವರ್ಷ ಯಾರಿಗೂ ಬೇಕಾಗೇ ಇಲ್ಲ."

ಬಿಜ್ಜವ್ವ ಹಲಗೆಯ ಮೇಲಿದ್ದ ಮಣ್ಣಿನ ಕೂಸೊಂದನ್ನು ಎತ್ತಿಕೊಂಡು ಲಟಕ್ಕನೆ ಎರಡಾಗಿ ಮುರಿದಳು. "ಇದನ್ನ ಕಳಿಸು. ಅವನೇನು ದಡ್ಡಲ್ಲ, ತಿಳ್ಕೋತಾನ" ಎಂದಳು. ಕೇತಪ್ಪ ಹಿಂದೆ ಮುಂದೆ ನೋಡಿದ. ಕೊನೆಗೆ ರೊಟ್ಟಿಯ ಜೊತೆ ಎರಡೂ ತುಂಡುಗಳನ್ನು ಇಳಿಸಿದ.

ಆಮೇಲೆ ದನಿ ಬಂತು, ಗಾಬರಿಯ ದನಿ. "ಕೂಸಿಗೆ ಏನಾಗೇತಿ? ಬಿದ್ದಾಳೇನು? ಎಲ್ಲಾ ವೈದ್ಯರೂ ನಮ್ಮಕ್ಕನ ಮನಿಗೆ ಹೋಗ್ರಿ. ಹುಣ್ಣಿವಿತನಕ ಕಾಯಬ್ಯಾಡ್ರಿ. ಇವತ್ತ ಕುಳಿ ತೋಡ್ರಿ, ನಾಳೆ ಕೂಸಿನ್ನ ಇಳಿಸ್ರಿ. ನಾನ ನೋಡ್ಕೋತೀನಿ."

ಒಡೆದಿದ್ದು ಎಂದರೆ ಮುರಿದ ಕೈಯೋ ಕಾಲೋ ಎಂದು ಅವನು ತಿಳಿದುಕೊಂಡಿದ್ದ. ಒಲ್ಲೆ ಎಂದೂ ಆಗಬಹುದು ಎಂಬುದು ಅವನ ತಲೆಗೆ ಹೊಳೆಯುವಂತೆಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ವೈದ್ಯರು ಮೂಲಿಕೆಗಳ ಗಂಟು ಹೊತ್ತು ಬಂದು, ಜಿಗಿದಾಡುತ್ತಿದ್ದ ಮಾಳಿಯನ್ನು ಹಿಡಿದು ಮಲಗಿಸಿ ಎರಡೂ ಕೈಗೆ ಪಟ್ಟು ಹಾಕಿದರು. ಆಜ್ಞೆ ಆಜ್ಞೆಯೇ. ಅವಳು ಪಟ್ಟು ಕಟ್ಟಿದ ಕೈಗಳನ್ನು ಅವ್ವನಿಗೆ ತೋರಿಸಿ ನಕ್ಕಳು, ಮುಂದಿನ ಹಲ್ಲು ಬಿದ್ದ ಬಾಯಿ. ಬಿಜ್ಜವ್ವ ನಗಲಿಲ್ಲ. ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಎತ್ತಿಕೊಂಡು ಹೊರಟಳು.

ಇಲ್ಲಿ ತೋಡುವ ಪದ್ಧತಿಯನ್ನು ಹೇಳಬೇಕು. ಹಗೇವನ್ನು ಆಳ ಮಾಡಬೇಕಾದರೆ ತೋಡುವವರು ದೊರೆಗಿಂತ ಕೆಳಗೆ ಇಳಿಯಲೇಬೇಕು. ದೊರೆಗಿಂತ ಕೆಳಗೆ ಇಳಿದವನು ಸುಮ್ಮನೆ ಅಯ್ಯಪ್ಪಾ ಎಂದರೂ ಅದು ದೊರೆಯ ಮಾತಿಗಿಂತ ದೂರ ಹೋಗುತ್ತದೆ. ಅದಕ್ಕೆ ತೋಡುವವರು ಬಾಯಿ ತುಂಬ ನೀರು ಹಿಡಿದು, ಮೇಲೆ ಬಟ್ಟೆ ಬಿಗಿದು ಇಳಿಯಬೇಕು. ಮೇಲೆ ಬಂದ ಮೇಲೆ ಕೇತಪ್ಪನ ಮುಂದೆ ಆ ನೀರನ್ನು ಬಟ್ಟಲಿಗೆ ಉಗುಳಿ ತೋರಿಸಬೇಕು. ಬಟ್ಟಲು ಒಣಗಿದ್ದರೆ ಆ ಮನುಷ್ಯ ಗಡಿಯ ಕಲ್ಲಿನಿಂದಾಚೆ. ಬಿಜ್ಜವ್ವನ ಮನೆತನದವರು ಈ ಕೆಲಸವನ್ನು ಎಂದೂ ತಪ್ಪಿಲ್ಲದೆ ಮಾಡಿದವರು.

"ನನ್ನ ಮಗಳು ಕುಂದ್ರೂ ಜಾಗ, ನಾನ ತೋಡ್ತೀನಿ" ಎಂದಳು ಅವಳು. ಕೇತಪ್ಪನ ಕಣ್ಣು ತುಂಬಿತು. ತಾಯಿಗೆ ಬುದ್ಧಿ ಬಂತು ಎಂದುಕೊಂಡನೋ ಏನೋ. ತಾನೇ ಬಾಯಿಗೆ ನೀರು ಹಾಕಿ ಬಟ್ಟೆ ಕಟ್ಟಿದ.

ಬುಟ್ಟಿ ಇಳಿಯಿತು. ತಳದ ಹತ್ತಿರ ಒಂದು ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ, ತಳಕ್ಕಿಂತ ಮೇಲೆ ಗೋಡೆಯಲ್ಲಿ ಕೊರೆದ ಕಟ್ಟೆಯ ಮೇಲೆ ಕೂತಿದ್ದ ತಮ್ಮ ಕಂಡ. ಕೂದಲು ಬೆಳ್ಳಗಾಗಿತ್ತು, ಮೈ ಮಣ್ಣಿನಲ್ಲಿಟ್ಟ ಗೆಣಸಿನ ಹಾಗೆ ಬಿಳಿಚಿಕೊಂಡಿತ್ತು. ಮುಖ ಮುಚ್ಚಿಕೊಂಡ ಅಕ್ಕನ ಗುರುತು ಅವನಿಗೆ ಸಿಗಲಿಲ್ಲ. ಬುಟ್ಟಿ ಅವನ ಸಮಕ್ಕೆ ಬಂದಾಗ ಅವನ ಮಾತು ಅವಳಿಗೆ ಎದುರೆದುರೇ ಕೇಳಿಸಿತು.

"ಯಾರಪ್ಪಾ ನೀವು? ಮಾತಾಡೂದಿಲ್ಲ ಬಿಡ್ರಿ, ಗೊತ್ತೈತಿ. ಒಂಚೂರು ಹದನಾಗಿ ತೋಡ್ರಿ. ಸಣ್ಣ ಕೂಸು ಕುಂದ್ರೂದೈತಿ. ಕಲ್ಲು ಚುಚ್ಚಬಾರ್ದು, ಮೂಲಿಗೆ ಒಂದೀಟು ಹುಲ್ಲು..."

ಮಾತು ಅರ್ಧಕ್ಕೆ ನಿಂತಿತು. ಅವನು ನಿಲ್ಲಿಸಿರಲಿಲ್ಲ; ಅವಳು ಅವನ ಕೆಳಗೆ ಇಳಿದಿದ್ದಳು. ಅಲ್ಲಿಂದ ಮುಂದೆ ಜಗತ್ತಿನಲ್ಲಿ ಏನೂ ಇರಲಿಲ್ಲ. ಮೇಲೆ ತುಟಿ ಆಡುತ್ತಿತ್ತು, ಅದರ ಮೇಲೆ ಬೊಟ್ಟಿನಷ್ಟು ಆಕಾಶ ಇತ್ತು, ಸದ್ದು ಮಾತ್ರ ತನ್ನ ಉಸಿರಿನದೊಂದೇ. ಅವಳು ಗುದ್ದಲಿ ಎತ್ತಿ ಒಂದು ಏಟು ಹಾಕಿದಳು, ಆ ಸದ್ದಾದರೂ ಇರಲಿ ಎಂದು. ಇನ್ನೊಂದು ಹಾಕಿದಳು. ಆಗ ಅವಳಿಗೆ ಭಯವಾಯಿತು, ಮಗಳಿಗಾಗಿ ಅಲ್ಲ. ಇಷ್ಟು ವರ್ಷ ಈ ಹುಡುಗ ಇಲ್ಲಿ ಒಬ್ಬನೇ ಕೂತಿದ್ದಾನಲ್ಲ ಎಂದು. ಇದನ್ನು ಅವಳೇ ಆಮೇಲೆ ನನಗೆ ಹೇಳಿದ್ದು.

ಮೇಲೆ ನಾವು ಗುದ್ದಲಿಯ ಸದ್ದು ಕೇಳುತ್ತ ಕೆಲಸ ಮಾಡುತ್ತಿದ್ದೆವು. ತೋಡುವ ದಿನ ಆ ಸದ್ದು ನಾಡಿಗೆಲ್ಲ ಕೇಳುತ್ತದೆ, ಅದು ನಮಗೆ ರೂಢಿ. ಸದ್ದು ನಿಂತಿತು. ಆಮೇಲೆ "ಥೂ" ಎಂದು ಉಗುಳಿದ ಸದ್ದು ಬಂತು. ನಾನು ಅಚ್ಚು ಕೆಳಗಿಟ್ಟು ಹಗೇವಿನ ಬಾಯಿಯ ಕಡೆ ಓಡಿದೆ.

"ಎರ್ಯಾ, ನಾನೋ, ನಿಮ್ಮಕ್ಕ."

ಹೊಳೆಯ ಆಚೆ, ಗುಡ್ಡದ ಆಚೆ, ಗಡಿಯ ಕಲ್ಲಿನವರೆಗೆ ಎಲ್ಲರೂ ಇದ್ದಲ್ಲೇ ಕೂತುಬಿಟ್ಟರಂತೆ. ಕೂತರೆ ಇನ್ನೂ ಚೆನ್ನಾಗಿ ಕೇಳಿಸುವುದೇನೂ ಇಲ್ಲ; ಮಾತು ಬಂದರೆ ಕೂರುವುದು ನಮ್ಮ ರೂಢಿ, ಅಷ್ಟೆ.

"ನೀ ಏನಂತೀಯೋ ನನಗ ಕೇಳಸೂದಿಲ್ಲ, ಸುಮ್ನ ಕೇಳು. ಮಾಳಿ ಗುಂಡಕಲ್ಲಿನಂಗ ಅದಾಳ, ಏನೂ ಆಗಿಲ್ಲ. ಮುರದ ಬೊಂಬಿ ಕಳಿಸಿದಾಕಿ ನಾನ. ಕೊಡೂದಿಲ್ಲ ಅಂತ ಅದರ ಅರ್ಥ. ನಿನಗ ಎಲ್ಲಿಂದ ತಿಳೀಬೇಕು, ಕೊಡೂದಿಲ್ಲ ಅಂದವರ ಮುಖಾನ ನೀ ನೋಡಿಲ್ಲ. ನನ್ನ ಹೊಟ್ಯಾಗ ಹುಟ್ಟಿದ್ದನ್ನ ಈ ಕತ್ತಲಕ ಹಾಕೂದಿಲ್ಲೋ. ನಾಡ ಮುಳಗಿ ಹೋಗ್ಲಿ, ಹಾಕೂದಿಲ್ಲ!"

ಅವನ ದನಿ ಬಂತು, ಆಜ್ಞೆಯ ದನಿಯಲ್ಲ. "ಅಕ್ಕಾ? ಅಕ್ಕಾ, ನೀನೇನ? ಇನ್ನೊಂದಿಷ್ಟು ಮಾತಾಡ. ಬೈಯ್, ಅಡ್ಡಿಯಿಲ್ಲ. ನಿಲ್ಲಸಬ್ಯಾಡ."

ನಮಗೆ ಎರಡೂ ಕೇಳಿಸುತ್ತಿತ್ತು. ಅವನದು ಅವಳಿಗೆ ಕೇಳಿಸುತ್ತಿರಲಿಲ್ಲ. ಅವನು ಕರೆಯುತ್ತಿದ್ದಾನೆ ಎಂದು ಅವಳಿಗೆ ಹೇಳಲು ಹಗೇವಿನ ಬಾಯಿಯಲ್ಲಿ ಬಗ್ಗಿ ಕಿರುಚಿದವರಿದ್ದಾರೆ. ಪ್ರಯೋಜನವೇನು? ಅವಳ ಪಾಲಿಗೆ ತಮ್ಮ ಮೂಗನಾಗಿ ಕೂತಿದ್ದ.

"ಸುಮ್ನ ಕುಂತ್ರ ಆಗೂದಿಲ್ಲೋ" ಎಂದು ಅವಳು ಸಿಡುಕಿದಳು. "ಉತ್ತರ ಕೊಡೂದಿದ್ರ ಇಳಿದು ಬಾ. ದೊರಿ ಅಂತ ಅಲ್ಲೇ ಕುಂದ್ರಬ್ಯಾಡ."

ಏನೋ ಜಾರಿದ ಸದ್ದು, ಬಿದ್ದ ಸದ್ದು, "ಅಯ್ಯಪ್ಪಾ" ಎಂಬ ನರಳು. ನಮ್ಮ ದೊರೆ ಮೊಣಕಾಲು ಕೆತ್ತಿಸಿಕೊಂಡು ಅಕ್ಕನ ಪಕ್ಕಕ್ಕೆ ಇಳಿದಿದ್ದ. ಈಗ ಇಬ್ಬರೂ ಸಮ. ಅವನು ಕೇಳಿದ ಮೊದಲ ಮಾತು ಇದು:

"ಅವ್ವ ಹೆಂಗದಾಳ?"

ಹಗೇವಿನ ಸುತ್ತ ಇದ್ದವರೆಲ್ಲ ಕೇತಪ್ಪನನ್ನು ನೋಡಿದೆವು. ಕೇತಪ್ಪ ತನ್ನ ಕೈಗೆ ಮೆತ್ತಿದ್ದ ಮಣ್ಣನ್ನು ನೋಡಿಕೊಂಡ.

"ಅವ್ವ ಇಲ್ಲೋ" ಎಂದಳು ಬಿಜ್ಜವ್ವ, ಮೆಲ್ಲಗೆ. ಮೆಲ್ಲಗೆ ಹೇಳಿದ್ದೂ ನಾಡಿಗೆಲ್ಲ ಕೇಳಿಸಿತು. "ಗ್ವಾಡಿ ಕಟ್ಟಿದ ವರ್ಷ ಹೋದ್ಲು. ಕಡೀತನಕ ನಿನ್ನ ಮಾತು ಕೇಳ್ಕೋತನ ಇದ್ಲು. ನೀ ಕಾಲುವಿ ತೋಡ್ರಿ ಅಂದ್ರ, ದನಿ ಸಣ್ಣಗಾಗೇತಿ, ಉಂಡಾನೋ ಇಲ್ಲೋ ಅಂತಿದ್ಲು. ಮ್ಯಾಲಿಂದ ನಾನೂ ಕೇಳ್ತಿದ್ದೆ, ಉಂಡೀಯೇನೋ ಅಂತ. ನಿನಗೆಲ್ಲಿ ಕೇಳಸ್ಬೇಕು."

ಆಮೇಲೆ ಅವನು ಅತ್ತ. ದೊಡ್ಡ ಗಂಡಸು, ಬಿದ್ದು ಪೆಟ್ಟಾದ ಹುಡುಗನ ಹಾಗೆ ಬಾಯಿ ಬಿಟ್ಟು ಅತ್ತ. ಅಷ್ಟು ಆಳದಿಂದ ಅವನ ದನಿ ಎಂದೂ ಬಂದಿರಲಿಲ್ಲ. ನಮ್ಮ ಗಡಿಯಾಚೆಯ ಮೂರು ನಾಡುಗಳಲ್ಲಿ, ನಮ್ಮ ಹೆಸರನ್ನೇ ಕೇಳದ ಜನ ಆ ದಿನ ಒಲೆಯ ಮುಂದೆ ಕೂತಲ್ಲೇ ಯಾರು ಅಳುತ್ತಿರುವುದು ಎಂದು ಹೊರಗೆ ಬಂದು ನೋಡಿದರಂತೆ. ಅವನ ಯಾವ ಆಜ್ಞೆಯೂ ಅಷ್ಟು ದೂರ ಮುಟ್ಟಿರಲಿಲ್ಲ. ಪದ್ಧತಿಯ ಪ್ರಕಾರ ಗಡಿಯ ಕಲ್ಲನ್ನು ಅಲ್ಲಿಗೆ ಒಯ್ದು ನೆಡಬೇಕಿತ್ತು. ಯಾರೂ ಏಳಲಿಲ್ಲ.

ಅಳು ಇಳಿದ ಮೇಲೆ ಬಿಜ್ಜವ್ವ ಕೇಳಿದಳು: "ಕೂಸು ಯಾಕ ಬೇಕಾಗಿತ್ತೋ ನಿನಗ? ನಾಡ ಆಳೂದು ಕಲಸಾಕೇನು?"

"ನಾಡ ಆಳೂದರಾಗ ಏನೈತಿ ಕಲಸಾಕ? ಆಕಿ ಸಣ್ಣಾಕಿ. ಬಗಲಾಗ ಕುಂತ್ರ ನನ್ನ ಎದಿಮಟ್ಟ ಬರ್ತಾಳ. ಆಕಿ ಏನರ ಅಂದ್ರ ನನಗ ಕೇಳಸ್ತದ. ಒಂದು ದನಿ ಕೇಳಬೇಕಾಗಿತ್ತಕ್ಕಾ. ಏನ ಅಂದ್ರೂ ಸೈ. ಅಷ್ಟ."

ಆರತಿ ತಂದಿದ್ದ ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಕೆಳಗೆ ಅಕ್ಕ, ತಮ್ಮನ ಬೆನ್ನಿಗೆ ಒಂದು ಬಾರಿಸಿದ ಸದ್ದು ಕೇಳಿಸಿತು. "ಹುಚ್ಚ ಮೂಳಾ, ಅದಕ್ಕ ಕೂಸಿನ್ನ ಇಳಸಬೇಕೇನು? ನೀ ಮ್ಯಾಲ ಬಂದಿದ್ರ ಆಗ್ತಿದ್ದಿಲ್ಲೇನು?"

"ನಾ ಬರಬಹುದೇನು?" ಎಂದ ನಮ್ಮ ದೊರೆ. "ಕೇತಪ್ಪ ಬಿಡ್ತಾನೇನು?"

ಆಮೇಲೆ ಬಿಜ್ಜವ್ವನ ದನಿ ನಮ್ಮ ಕಡೆಗೆ ತಿರುಗಿತು. "ಮ್ಯಾಲಿದ್ದವರು ಯಾರರ ಹಗ್ಗ ಎಳೀರಪ್ಪಾ. ನೀವು ಏನಂತೀರಿ ನಮಗ ಕೇಳಸೂದಿಲ್ಲ. ಹಗ್ಗ ಬಿಗಿ ಆದ್ರ ತಿಳ್ಕೋತೀವಿ."

ಹಗ್ಗ ಕೇತಪ್ಪನ ಕಾಲ ಬಳಿ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ. ಕೇತಪ್ಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ಇವ ಮ್ಯಾಲ ಬಂದ್ರ ನಾಡು ಎಲ್ಲಿ ಉಳೀತದ್ರೋ? ನಾಳೆ ಮುಂಜಾನೆ ಏನ್ ಮಾಡ್ಬೇಕಂತ ಯಾರು ಹೇಳ್ತಾರ?" ಎಂದ. ಒಳ್ಳೆಯ ಪ್ರಶ್ನೆಯೇ. ನನಗೆ ಗೋಡೆ ನೆನಪಾಯಿತು, ಕಾಲುವೆ ನೆನಪಾಯಿತು. ಅವು ನನ್ನವೂ ಹೌದಲ್ಲ. ನಾನೂ ಸುಮ್ಮನೆ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ?

"ಎಳಿಯವಲ್ರು ನೋಡಕ್ಕಾ" ಎಂದ ಕೆಳಗಿನವನು, ಸ್ವಲ್ಪ ಹೊತ್ತಿಗೆ.

"ಎಳೀತಾರ ತಡಿ" ಎಂದಳು ಅವಳು. "ನಮ್ಮೂರವರು, ಒಂದೀಟು ನಿಧಾನ."

ಹಗ್ಗಕ್ಕೆ ಮೊದಲು ಕೈ ಹಾಕಿದವರು ಯಾರು ಎಂದು ಇವತ್ತಿಗೂ ಊರಿನಲ್ಲಿ ಬೋರಲು ಮಲಗಿ ಜಗಳವಾಡುತ್ತಾರೆ. ನಾನೇ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕಂಡಿದ್ದು ಹೇಳುತ್ತೇನೆ, ಯಾರೂ ನಂಬುವುದಿಲ್ಲ: ಕೇತಪ್ಪನೇ. ಕೈಗೆ ಮೆತ್ತಿದ್ದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡು, ಮೂಗೆಳೆದುಕೊಂಡು, ಹಗ್ಗ ಹಿಡಿದ. ಆಮೇಲೆ ನಾವೆಲ್ಲ ಹಿಡಿದೆವು.

ಅವರು ಮೇಲೆ ಬಂದ ದಿನದಿಂದ ದನಿ ನಿಂತಿತು. ನಾಡು ಒಂದು ದಿನದಲ್ಲಿ ಹೋಗಲಿಲ್ಲ. ಗಡಿಯ ಮುದುಕರು ಕಿವಿಗೆ ಕೈ ಹಚ್ಚಿಕೊಂಡು ಬಹಳ ಕಾಲ ಕಾದರು, ಆಮೇಲೆ ಒಬ್ಬೊಬ್ಬರಾಗಿ ಮನೆಗೆ ಬಂದರು. ಹಳ್ಳಿಗಳು ತಮ್ಮ ಕಾಳನ್ನು ಬಂಡಿಯಲ್ಲಿ ಹೇರಿಕೊಂಡು ಹೋದವು, ಅದರಲ್ಲಿ ಜಗಳಗಳಾದವು, ಒಂದೆರಡು ತಲೆಗಳೂ ಒಡೆದವು. ಹೋದ ವರ್ಷ ಕಾಲುವೆ ಒಡೆದಾಗ ಯಾರೂ ಬರಲಿಲ್ಲ, ಒಂದು ದಂಡೆಯ ಬೆಳೆ ಕೊಚ್ಚಿಹೋಯಿತು. ದನಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರಿದ್ದಾರೆ, ಅವರ ಮಾತಿನಲ್ಲೂ ಸುಳ್ಳಿಲ್ಲ. ಮನೆಮನೆಯ ಹಗೇವುಗಳನ್ನು ಮತ್ತೆ ತೋಡುವ ಕೆಲಸ ಬಿಜ್ಜವ್ವನಿಗೆ ಕೈತುಂಬ ಇದೆ. ಕೇತಪ್ಪ ಮಕ್ಕಳಿಗೆ ಮಣ್ಣಿನ ಬೊಂಬೆ ಮಾಡಿಕೊಡುತ್ತಾನೆ. ಮುರಿದ ಬೊಂಬೆಯನ್ನು ಯಾವ ಮಗುವಾದರೂ ತಂದುಕೊಟ್ಟರೆ, ಒಲ್ಲೆ ಅಂತೀಯೇನು ಎಂದು ಕೇಳಿ ಹೊಸದು ಕೊಡುತ್ತಾನೆ.

ಈಗೀಗ ಹೊಳೆ ಇಳಿಯುವ ದಿಕ್ಕಿನಿಂದ, ಗಾಳಿ ನಿಂತ ದಿನಗಳಲ್ಲಿ, ಒಂದು ಹೊಸ ದನಿ ಕೇಳಿಸುತ್ತಿದೆ. ಎಳೆಯ ದನಿ, ಒಬ್ಬರ ಹಿಂದೆ ಒಬ್ಬರು ನಿಲ್ಲಿ ಎನ್ನುತ್ತದೆ, ಕಾಳು ತನ್ನಿ ಎನ್ನುತ್ತದೆ. ತಿಂಗಳಿಂದ ತಿಂಗಳಿಗೆ ಸ್ಪಷ್ಟವಾಗುತ್ತಿದೆ. ನಮ್ಮಲ್ಲಿ ಕೆಲವರು ಆಗಲೇ ಬಂಡಿಯ ಗಾಲಿಗೆ ಎಣ್ಣೆ ಹಾಕುತ್ತಿದ್ದಾರೆ.

ಎರೆಯಪ್ಪ ಅಕ್ಕನ ಮನೆಯಲ್ಲಿಯೇ ಇದ್ದಾನೆ. ಹಗಲೆಲ್ಲ ಮಾಳಿಗೆಯ ಮೇಲೆ ಹತ್ತಿ ಕೂರುತ್ತಾನೆ, ಮಾಳಿಯೂ ಪಕ್ಕಕ್ಕೆ ಇರುತ್ತಾಳೆ. ಅಲ್ಲಿ ಕೂತವನಿಗೆ ಇಡೀ ಊರಿನ ಮಾತು ಕೇಳುತ್ತದೆ, ಅವನ ಮಾತು ಊರಿನ ಯಾರಿಗೂ ಕೇಳುವುದಿಲ್ಲ. ಅವನಿಗೆ ಅದೇ ಬೇಕಾಗಿರುವುದು. ಹೊಳೆಯ ಕಡೆಯಿಂದ ಆ ದನಿ ಬಂದಾಗ ಮಾತ್ರ ಅವನು ಎದ್ದು ಮಾಳಿಗೆಯ ಅಂಚಿಗೆ ಬರುತ್ತಾನೆ. ಆ ದಿಕ್ಕಿಗೆ ಮುಖ ಮಾಡಿ ಏನೋ ಹೇಳುತ್ತಾನೆ, ಕೈ ಬೀಸಿ ಹೇಳುತ್ತಾನೆ, ಕತ್ತಿನ ನರ ಉಬ್ಬುವಷ್ಟು ಗಟ್ಟಿಯಾಗಿ ಹೇಳುತ್ತಾನೆ. ಕೆಳಗೆ ನಿಂತ ನಮಗೆ ಅವನ ಬಾಯಿ ಮಾತ್ರ ಕಾಣುತ್ತದೆ. ಅಲ್ಲಿ ಕುಳಿಯೊಳಗೆ ಕೂತವನಿಗಂತೂ ಅದೂ ಇಲ್ಲ.

ಆಮೇಲೆ ಬಿಜ್ಜವ್ವ ಅಂಗಳಕ್ಕೆ ಬಂದು, ಉದ್ದನೆಯ ಕಾಲುಗಳನ್ನು ಮಡಿಚಿ ನೆಲಕ್ಕೆ ಕೂತು, "ಎರ್ಯಾ, ಅಂಬಲಿ ಆರಾಕ ಹತ್ತೇತಿ, ಕೂಸಿನ್ನ ಕರ್ಕೊಂಡು ಇಳಿ" ಎನ್ನುತ್ತಾಳೆ. ಅವನು ಮಾತು ಅರ್ಧಕ್ಕೆ ಬಿಟ್ಟು, ಮಾಳಿಯ ಕೈ ಹಿಡಿದುಕೊಂಡು ಏಣಿಯ ಕಡೆ ನಡೆಯುತ್ತಾನೆ.